ಪದವಿಯಲ್ಲಿ ಶೇಕಡಾ 54, ಎರಡು ಬಾರಿ ಕ್ಯಾಟ್: ಒಂದು ಆನ್‌ಲೈನ್ ತರಬೇತಿ ಸೇವೆಯ 26 ತಿಂಗಳ ಬಳಕೆಯ ನಂತರ

2022ರ ಫೆಬ್ರವರಿಯಲ್ಲಿ ಕೊಂಡ ಈ ಸೇವೆಯನ್ನು ನಾನು 2024ರ ಏಪ್ರಿಲ್‌ವರೆಗೆ, ಅಂದರೆ ಎಂಬಿಎ ಪ್ರವೇಶಕ್ಕಾಗಿ ಬರೆಯುವ ಎರಡು ಕ್ಯಾಟ್ ಪರೀಕ್ಷೆಗಳ ಉದ್ದಕ್ಕೂ ಬಳಸಿದ್ದೇನೆ. ಇದರಲ್ಲಿ ಎರಡು ಭಾಗಗಳಿದ್ದವು. ವಿಡಿಯೊ ಪಾಠಗಳೂ ಮಾಕ್ (ಅಣಕು) ಪರೀಕ್ಷೆಗಳೂ ಸೇರಿದ ತರಬೇತಿಗೆ ಎರಡು ವರ್ಷಕ್ಕೆ 24,000 ರೂಪಾಯಿ, ಅರ್ಜಿ ತುಂಬುವುದರಿಂದ ಸಂದರ್ಶನದವರೆಗಿನ ‘ಪ್ರವೇಶ ಮಾರ್ಗದರ್ಶನ’ಕ್ಕೆ ಪ್ರತ್ಯೇಕವಾಗಿ 18,500 ರೂಪಾಯಿ ಕೊಟ್ಟಿದ್ದೆ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಪದವಿಯ ಅಂಕ ಕಡಿಮೆಯಿದ್ದು ಎಂಬಿಎಗೆ ಹೊರಟವರು ಇಂಥ ಸೇವೆಯ ಯಾವ ಭಾಗಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನಷ್ಟೇ ಇಲ್ಲಿ ಹೇಳಬೇಕಾಗಿದೆ. ಮೊದಲ ಭಾಗ ನನಗೆ ಕೊಟ್ಟ ಹಣಕ್ಕಿಂತ ಹೆಚ್ಚು ಉಪಕಾರ ಮಾಡಿತು. ಎರಡನೆಯ ಭಾಗವನ್ನು ನಾನು ಕೊಳ್ಳಬಾರದಿತ್ತು.

ನನ್ನ ಹಿನ್ನೆಲೆಯನ್ನು ಹೇಳದೆ ಈ ಮಾತು ಸ್ಪಷ್ಟವಾಗದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಹಳ್ಳಿಯವಳಾದ ನಾನು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ಪ್ಲಸ್ ಟೂನಲ್ಲಿ ಹ್ಯುಮ್ಯಾನಿಟೀಸ್ ಓದಿ, ಬಳಿಕ ಮಂಗಳೂರಿನಲ್ಲಿ ಬಿ.ಕಾಂ. ಸೇರಿದೆ. ಲೆಕ್ಕಶಾಸ್ತ್ರದ ಗಂಧವಿಲ್ಲದೆ ಸೇರಿದ್ದು ಒಂದು ಕಾರಣ, ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ತರಗತಿಗಳನ್ನು ಹಗುರವಾಗಿ ಕಂಡದ್ದು ಅದಕ್ಕಿಂತ ದೊಡ್ಡ ಕಾರಣ. ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಅನುತ್ತೀರ್ಣಳಾಗಿ ಮರುವರ್ಷ ಬರೆದು ಪಾಸಾದೆ. 2020ರಲ್ಲಿ ಪದವಿ ಕೈಗೆ ಬಂದಾಗ ಒಟ್ಟು ಶೇಕಡಾ 54. ಅನಂತರ ಊರಿನ ಒಂದು ಅಡಿಕೆ ಖರೀದಿ ಕೇಂದ್ರದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಸುಮಾರು ನಾಲ್ಕು ವರ್ಷ ಅಲ್ಲೇ ಇದ್ದೆ.

ಕ್ಯಾಟ್ ಬರೆಯಲು ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇಕಡಾ 50, ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇಕಡಾ 45 ಸಾಕು. ಈ ಗೆರೆ ದಾಟಿದವರೆಲ್ಲ ಬರೆಯಬಹುದು, ವಯಸ್ಸಿನ ಮಿತಿಯೂ ಇಲ್ಲ, ಎಷ್ಟು ಬಾರಿ ಬರೆಯಬಹುದೆಂಬ ಮಿತಿಯೂ ಇಲ್ಲ. ಆದರೆ ಬರೆಯುವ ಅರ್ಹತೆ ಬೇರೆ, ಸಂದರ್ಶನಕ್ಕೆ ಕರೆ ಬರುವುದು ಬೇರೆ. ದೇಶದ ಪ್ರಮುಖ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಐಐಎಂಗಳು ಪರೀಕ್ಷೆಯನ್ನು ಒಟ್ಟಾಗಿ ನಡೆಸಿದರೂ ಅಭ್ಯರ್ಥಿಗಳನ್ನು ಆರಿಸುವ ಸೂತ್ರವನ್ನು ಪ್ರತಿಯೊಂದು ಸಂಸ್ಥೆಯೂ ತಾನೇ ನಿರ್ಧರಿಸಿ ಪ್ರಕಟಿಸುತ್ತದೆ. ಬೆಂಗಳೂರಿನ ಐಐಎಂ, ಕ್ಯಾಟ್ ಅಂಕದ ಜೊತೆಗೆ ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ ಮತ್ತು ಪದವಿ ಈ ಮೂರಕ್ಕೂ ತೂಕ ಕೊಡುತ್ತದೆ. ಅಂಥಲ್ಲಿ ನನ್ನಂಥವರು ಓಟ ಆರಂಭವಾಗುವ ಮೊದಲೇ ಹಿಂದೆ ಉಳಿದಿರುತ್ತೇವೆ. ಪ್ರವೇಶ ಪರೀಕ್ಷೆಯ ಅಂಕಕ್ಕೂ ಕೆಲಸದ ಅನುಭವಕ್ಕೂ ಹೆಚ್ಚು ಬೆಲೆ ಕೊಡುವ ಸಂಸ್ಥೆಗಳೂ ಇವೆ. ಆ ಪ್ರಕಟಣೆಗಳು ಉಚಿತವಾಗಿ ಸಿಗುತ್ತವೆ. ಅವನ್ನು ಕೂತು ಓದಿ ಪಟ್ಟಿ ಮಾಡಲು ನನಗೆ ಎರಡು ಭಾನುವಾರ ಹಿಡಿಯಿತು. ಮಾರ್ಗದರ್ಶನದ ಹಣ ಕೊಟ್ಟ ಮೇಲೆ ಬಂದ ಪಟ್ಟಿಯಲ್ಲಾದರೋ, ನನ್ನ ಅಂಕಕ್ಕೆ ಕರೆ ಬರುವ ಸಾಧ್ಯತೆಯೇ ಇಲ್ಲದ ನಾಲ್ಕು ಸಂಸ್ಥೆಗಳು ಮೊದಲ ಸಾಲಿನಲ್ಲಿದ್ದವು. ಪ್ರತಿ ಅರ್ಜಿಗೂ ಶುಲ್ಕ ಇರುವಾಗ ಇದು ಸಣ್ಣ ತಪ್ಪಲ್ಲ.

ಈಗ ತರಬೇತಿಯ ವಿಷಯ. ನಾನು ಬರೆದ 2022 ಮತ್ತು 2023ರ ಕ್ಯಾಟ್‌ಗಳಲ್ಲಿ 66 ಪ್ರಶ್ನೆಗಳು, ತಲಾ 40 ನಿಮಿಷದ ಮೂರು ವಿಭಾಗಗಳು ಇದ್ದವು. ಸರಿಯುತ್ತರಕ್ಕೆ 3 ಅಂಕ, ಬಹು ಆಯ್ಕೆಯ ಪ್ರಶ್ನೆ ತಪ್ಪಿದರೆ 1 ಅಂಕ ಕಡಿತ, ಉತ್ತರವನ್ನು ನಾವೇ ಬೆರಳಚ್ಚಿಸುವ ಪ್ರಶ್ನೆಗಳಿಗೆ ಕಡಿತವಿಲ್ಲ. ಒಂದು ವಿಭಾಗದ ಸಮಯ ಮುಗಿಯದೆ ಮುಂದಿನದಕ್ಕೆ ಹೋಗುವಂತಿಲ್ಲ. ಈ ಚೌಕಟ್ಟನ್ನು ಮಾಕ್ ಪರೀಕ್ಷೆಗಳು ತೆರೆಯ ಮೇಲಿನ ಕ್ಯಾಲ್ಕ್ಯುಲೇಟರ್‌ವರೆಗೆ ಯಥಾವತ್ತಾಗಿ ಅನುಸರಿಸುತ್ತಿದ್ದವು. ವಿಡಿಯೊ ಪಾಠಗಳು ಪರವಾಗಿಲ್ಲ ಎನ್ನುವಷ್ಟು ಇದ್ದವು. ಗಣಿತದ ಮೇಷ್ಟ್ರು ನಿಧಾನವಾಗಿ ಹೇಳಿಕೊಡುತ್ತಿದ್ದರು, ಇಂಗ್ಲಿಷ್ ಪಾಠಗಳು ಇಂಗ್ಲಿಷ್ ಮಾಧ್ಯಮದವರಿಗಾಗಿಯೇ ಮಾಡಿದಂತಿದ್ದವು.

ಸೇವೆಯ ನಿಜವಾದ ಬೆಲೆ ಇರುವುದು ಮಾಕ್ ಮುಗಿದ ಮೇಲೆ ಸಿಗುವ ವಿಶ್ಲೇಷಣೆಯಲ್ಲಿ. ಯಾವ ಪ್ರಶ್ನೆಯ ಮೇಲೆ ಎಷ್ಟು ಸೆಕೆಂಡು ಕಳೆದೆ, ಯಾವುದನ್ನು ತೆರೆದು ಬಿಟ್ಟೆ, ಯಾವುದಕ್ಕೆ ಮರಳಿ ಬಂದೆ ಎಂಬುದೆಲ್ಲ ಅದರಲ್ಲಿರುತ್ತದೆ. ಮೊದಲ ವರ್ಷ ನಾನು ಅದನ್ನು ನೋಡುತ್ತಲೇ ಇರಲಿಲ್ಲ, ಅಂಕ ನೋಡಿ ಪುಟ ಮುಚ್ಚುತ್ತಿದ್ದೆ. ಹನ್ನೊಂದು ಮಾಕ್ ಬರೆದು ನವೆಂಬರ್ 27ರ ಪರೀಕ್ಷೆಗೆ ಹೋದೆ, 81 ಪರ್ಸೆಂಟೈಲ್ ಬಂತು, ಅಂದರೆ ಬರೆದವರಲ್ಲಿ ಸುಮಾರು ಶೇಕಡಾ 81 ಮಂದಿಗಿಂತ ಮುಂದಿದ್ದೆ. ಎರಡನೆಯ ವರ್ಷ 200 ಪುಟದ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಮಾಕ್ ಆದ ಮರುದಿನ ಸಂಜೆ ತಪ್ಪಿದ ಪ್ರಶ್ನೆಗಳನ್ನು ಕೈಯಲ್ಲಿ ಬರೆದುಕೊಳ್ಳತೊಡಗಿದೆ. ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ತಪ್ಪಿದ ಕಾರಣ: ತಿಳಿಯದೆ ತಪ್ಪಿದ್ದೇ, ಓದುವಾಗ ತಪ್ಪಿದ್ದೇ, ಬಿಡಬೇಕಾದುದನ್ನು ಹಿಡಿದುಕೊಂಡು ಕೂತದ್ದೇ. ಆರನೆಯ ಮಾಕ್ ಆಗುವಷ್ಟರಲ್ಲಿ ಚಿತ್ರ ತೆರೆದುಕೊಂಡಿತು. ತರ್ಕದ ವಿಭಾಗದಲ್ಲಿ ಮೊದಲು ಕಣ್ಣಿಗೆ ಬಿದ್ದ ಸೆಟ್ಟಿಗೇ (ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪಿಗೇ) ನಾನು ಹದಿನೆಂಟು, ಇಪ್ಪತ್ತು ನಿಮಿಷ ಕೊಡುತ್ತಿದ್ದೆ, ಅದರ ಮುಂದೆ ಇದ್ದ ಸುಲಭದ ಸೆಟ್ಟುಗಳು ಮುಟ್ಟದೆ ಉಳಿಯುತ್ತಿದ್ದವು. ಅಲ್ಲಿಂದ ಮೊದಲ ನಾಲ್ಕು ನಿಮಿಷ ಎಲ್ಲ ಸೆಟ್ಟುಗಳನ್ನು ಓದಲಿಕ್ಕೆಂದೇ ಮೀಸಲಿಟ್ಟೆ. ಇಂಗ್ಲಿಷ್ ವಿಭಾಗದ 24 ಪ್ರಶ್ನೆಗಳಲ್ಲಿ 16 ಗದ್ಯಭಾಗಗಳನ್ನು ಓದಿ ಉತ್ತರಿಸುವಂಥವು. ಅದಕ್ಕೆ ದಿನಕ್ಕೊಂದು ದೀರ್ಘ ಇಂಗ್ಲಿಷ್ ಲೇಖನವನ್ನು ಓದಿ ಅದರ ಸಾರವನ್ನು ಕನ್ನಡದಲ್ಲಿ ಐದು ವಾಕ್ಯ ಬರೆಯುವ ಅಭ್ಯಾಸ ನನಗೆ ಕೈಗೂಡಿತು. ಸೇವೆ ಕೊಟ್ಟ ಪದಪಟ್ಟಿಗಳಿಂದ ಅಷ್ಟು ಪ್ರಯೋಜನವಾಗಲಿಲ್ಲ. 24 ಮಾಕ್‌ಗಳ ನಂತರ 2023ರ ನವೆಂಬರ್ 26ರಂದು ಬರೆದ ಪರೀಕ್ಷೆಯಲ್ಲಿ 94.6 ಪರ್ಸೆಂಟೈಲ್ ಬಂತು.

ಒಂದು ತಾಂತ್ರಿಕ ದೋಷವನ್ನು ಹೇಳಲೇಬೇಕು. ನಮ್ಮ ಊರಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಸಾಮಾನ್ಯ. ಮಾಕ್ ನಡುವೆ ಸಂಪರ್ಕ ಕಡಿದರೆ ಪರೀಕ್ಷೆಯ ಗಡಿಯಾರ ನಿಲ್ಲುತ್ತಿರಲಿಲ್ಲ, ಮರಳಿ ಪ್ರವೇಶಿಸುವಾಗ ವಿಭಾಗವೇ ಮುಗಿದಿರುತ್ತಿತ್ತು. ಮೂರು ಬಾರಿ ದೂರು ಬರೆದೆ. ಪ್ರತಿ ಸಲವೂ ಸ್ಥಿರವಾದ ಇಂಟರ್‌ನೆಟ್ ಇರುವ ಜಾಗಕ್ಕೆ ಹೋಗಿ ಬರೆಯಿರಿ ಎಂಬ ಉತ್ತರ ಬಂತು. ಕೊನೆಗೆ ಮಳೆಗಾಲದ ಮಾಕ್‌ಗಳನ್ನು ಭಾನುವಾರ ಖರೀದಿ ಕೇಂದ್ರದ ಕಚೇರಿಯಲ್ಲಿ, ಅಲ್ಲಿನ ಇನ್ವರ್ಟರ್ ನಂಬಿ ಬರೆದೆ.

ಮಾರ್ಗದರ್ಶನ ಭಾಗದ ಬಗ್ಗೆ ನನಗೆ ಇರುವುದು ಬೇಸರ ಮಾತ್ರವಲ್ಲ, ಗಂಭೀರ ಆಕ್ಷೇಪ. ಖಾಸಗಿ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದರ ಅರ್ಜಿಯಲ್ಲಿ ಶೈಕ್ಷಣಿಕ ಹಿನ್ನಡೆ ಇದ್ದರೆ ವಿವರಿಸಿ ಎಂಬ ಪ್ರಶ್ನೆ ಇತ್ತು. ನನಗೆ ಗೊತ್ತುಮಾಡಿದ್ದ ಸಲಹೆಗಾರರು ಕಳಿಸಿದ ಕರಡಿನಲ್ಲಿ, ಎರಡನೆಯ ವರ್ಷ ತಾಯಿಗೆ ತೀವ್ರ ಅನಾರೋಗ್ಯವಾಗಿ ಓದಿಗೆ ಅಡ್ಡಿಯಾಯಿತು ಎಂದು ಬರೆದಿತ್ತು. ನನ್ನ ಅಮ್ಮನಿಗೆ ಆ ವರ್ಷ ಏನೂ ಆಗಿರಲಿಲ್ಲ. ಫೋನ್ ಮಾಡಿ ಕೇಳಿದಾಗ, “ಮೇಡಂ, ಎಲ್ಲರೂ ಹೀಗೆಯೇ ಬರೆಯುತ್ತಾರೆ, ಯಾರೂ ಪರಿಶೀಲಿಸುವುದಿಲ್ಲ” ಎಂದರು. ಆ ಕರಡನ್ನು ನಾನು ಬಳಸಲಿಲ್ಲ. ನಿಜವಾಗಿ ಕಷ್ಟ ಕಂಡು ಅಂಕ ಕಳೆದುಕೊಂಡ ವಿದ್ಯಾರ್ಥಿಯ ಮಾತನ್ನೂ ಯಾರೂ ನಂಬದಂತೆ ಮಾಡುವ ಕೆಲಸ ಇದು.

ಬದಲಿಗೆ ನಾನೇ 150 ಪದಗಳಲ್ಲಿ ನಡೆದದ್ದನ್ನು ಬರೆದೆ. ಹೊಸ ವಿಷಯಕ್ಕೆ ತಯಾರಿಯಿಲ್ಲದೆ ಸೇರಿದೆ, ಮೊದಲ ವರ್ಷ ಶ್ರಮಪಡಲಿಲ್ಲ, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಅನುತ್ತೀರ್ಣಳಾದೆ ಎಂದು ಮೂರು ವಾಕ್ಯದಲ್ಲಿ ಹೇಳಿ, ಉಳಿದ ಜಾಗವನ್ನೆಲ್ಲ ಅನಂತರ ಮಾಡಿದ ಕೆಲಸಕ್ಕೆ ಕೊಟ್ಟೆ. ಹೇಳಲು ಏನಾದರೂ ಇರಬೇಕೆಂದು ಮೊದಲೇ ಯೋಚಿಸಿ 2022ರ ಜುಲೈಯಲ್ಲಿ ಆನ್‌ಲೈನ್ ಕೋರ್ಸುಗಳ ವೇದಿಕೆಯಾದ ಎನ್‌ಪಿಟಿಇಎಲ್‌ನ ಹನ್ನೆರಡು ವಾರಗಳ ಸಂಖ್ಯಾಶಾಸ್ತ್ರದ ಕೋರ್ಸಿಗೆ ಸೇರಿದ್ದೆ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಈ ಕೋರ್ಸುಗಳ ಪಾಠ ಉಚಿತ; ಪ್ರಮಾಣಪತ್ರದ ಪರೀಕ್ಷೆಗೆ ನಾನು ಕೊಟ್ಟದ್ದು 1,000 ರೂಪಾಯಿ. ವಾರದ ಅಸೈನ್‌ಮೆಂಟ್‌ಗಳಿಗೆ 25, ಕೇಂದ್ರಕ್ಕೆ ಹೋಗಿ ಮೇಲ್ವಿಚಾರಣೆಯಲ್ಲಿ ಬರೆಯುವ ಪರೀಕ್ಷೆಗೆ 75 ಅಂಕ. ನನಗೆ 78 ಬಂತು. ಬಿದ್ದ ವಿಷಯದಲ್ಲೇ ಮತ್ತೆ ಎದ್ದು ನಿಂತ ಸಾಕ್ಷ್ಯ ಅದು. 18,500 ರೂಪಾಯಿಯ ಮಾರ್ಗದರ್ಶನ ಮಾಡದ ಕೆಲಸವನ್ನು ಸಾವಿರ ರೂಪಾಯಿ ಮಾಡಿತು ಎಂದು ಮನಸಾರೆ ಹೇಳುತ್ತೇನೆ. ಆ ಸಲಹೆಗಾರರಿಗೆ ಇಂಥ ಕೋರ್ಸುಗಳ ವಿಷಯ ಹೊಳೆದೇ ಇರಲಿಲ್ಲ.

ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಎರಡು ಸಂಗತಿಗಳನ್ನು ತಿಳಿಸಬೇಕು. ಕೇರಳದ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರದಲ್ಲಿ ಅಂಕಗಳಿಲ್ಲ, ಗ್ರೇಡ್ ಮಾತ್ರ. ಅರ್ಜಿಗಳು ಕೇಳುವುದೋ ಶೇಕಡಾವಾರು. ಎ ಪ್ಲಸ್ ಇದ್ದಲ್ಲೆಲ್ಲ 100 ಎಂದು ಹಿಡಿದು ತುಂಬಿ ಎಂದು ಸೇವೆಯವರು ಹೇಳಿದರು. ಎ ಪ್ಲಸ್ ಎಂದರೆ ತೊಂಬತ್ತರಿಂದ ಮೇಲಿನ ಯಾವ ಅಂಕವೂ ಆಗಬಹುದಾದ್ದರಿಂದ ಅದು ಸರಿಯಲ್ಲ. ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7 ಎಂಬ ಗ್ರೇಡ್ ಪಾಯಿಂಟ್‌ಗಳನ್ನು ಕೂಡಿದಾಗ ನನಗೆ ಹತ್ತು ವಿಷಯಗಳಲ್ಲಿ 90ಕ್ಕೆ 80 ಆಯಿತು, 88.9 ಎಂದು ತುಂಬಿ, ಲೆಕ್ಕದ ಹಾಳೆಯನ್ನು ಪ್ರಮಾಣಪತ್ರದ ಜೊತೆಗೇ ಇಟ್ಟುಕೊಂಡೆ. ದಾಖಲೆ ಪರಿಶೀಲನೆಯಲ್ಲಿ ಆ ಹಾಳೆಯನ್ನು ಕೇಳಿಯೇ ಕೇಳಿದರು. ಅರ್ಜಿಯಲ್ಲಿ ಬೇರೆ ಸೂಚನೆಯಿದ್ದರೆ ಅದನ್ನೇ ಅನುಸರಿಸಬೇಕು. ಎರಡನೆಯದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮಗಳಲ್ಲಿರುವ ಗಡಿನಾಡ ಕನ್ನಡಿಗರ ಅರ್ಹತೆ, ಅಂದರೆ ಕರ್ನಾಟಕದ ಹೊರಗಿನ ಗಡಿ ಪ್ರದೇಶದ ಕನ್ನಡಿಗರಿಗೆ ಅಲ್ಲಿನ ಸೀಟುಗಳಿಗೆ ಇರುವ ಅವಕಾಶ. ಇದರ ಬಗ್ಗೆ ಸೇವೆಯವರನ್ನು ಕೇಳಿದಾಗ, ನೀವು ಕೇರಳದವರು, ನಿಮಗೆ ಕರ್ನಾಟಕದಲ್ಲಿ ಏನೂ ಇಲ್ಲ ಎಂಬ ಉತ್ತರ ಬಂತು. ಕಾಸರಗೋಡಿನ ಕನ್ನಡಿಗರು ಇಂಥ ಮಾತನ್ನು ನಂಬಿ ಸುಮ್ಮನಿರದೆ ಆ ವರ್ಷದ ಕೈಪಿಡಿಯನ್ನು ತಾವೇ ಓದಬೇಕು.

ನನಗೆ ಐದು ಕರೆಗಳು ಬಂದವು. ಪ್ರವೇಶ ಸಿಕ್ಕ ಸಂಸ್ಥೆಯ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ 54ರ ಬಗ್ಗೆ. ಅರ್ಜಿಯಲ್ಲಿ ಬರೆದದ್ದನ್ನೇ ಹೇಳಿದೆ. ಒಬ್ಬ ಪ್ರಾಧ್ಯಾಪಕರು ಎನ್‌ಪಿಟಿಇಎಲ್ ಪ್ರಮಾಣಪತ್ರ ನೋಡಿ, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ನಿಮ್ಮ ಕೆಲಸದಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿದರು. ನಾನು ಚಾಲಿ (ಒಣಗಿಸಿ ಸುಲಿದ) ಅಡಿಕೆಯ ಚೀಲವೊಂದನ್ನು ವಿವರಿಸಿದೆ: ಮಾದರಿ ತೆಗೆದು ಒಳ್ಳೆಯದು, ಪಟೋರ, ಉಳ್ಳಿ, ಕರಿಗೋಟು ಎಂಬ ದರ್ಜೆಗಳಾಗಿ ವಿಂಗಡಿಸುವಾಗ ಒಂದೇ ತೋಟದ ಎರಡು ಚೀಲಗಳಲ್ಲಿ ಕೀಳು ದರ್ಜೆಯ ಕರಿಗೋಟಿನ ಪ್ರಮಾಣ ಎಷ್ಟು ಹೆಚ್ಚುಕಡಿಮೆಯಾಗುತ್ತದೆ, ಒಂದೇ ಹಿಡಿ ನೋಡಿ ದರ ಕಟ್ಟಿದರೆ ಕೃಷಿಕರಿಗೆ ಹೇಗೆ ನಷ್ಟವಾಗುತ್ತದೆ, ಚೀಲದ ಮೇಲೆ, ನಡುವೆ, ತಳದಲ್ಲಿ ಮೂರು ಕಡೆಯಿಂದ ಮಾದರಿ ತೆಗೆಯುವ ಕ್ರಮವನ್ನು ನಮ್ಮ ಕೇಂದ್ರದಲ್ಲಿ ನಾನು ಹೇಗೆ ತಂದೆ ಎಂದು ಹೇಳಿದೆ. ಉಳಿದ ಸಮಯವೆಲ್ಲ ಅಡಿಕೆಯ ಮೇಲೆಯೇ ಹೋಯಿತು. ಸೇವೆಯವರ ಅಣಕು ಸಂದರ್ಶನಗಳಲ್ಲಿ, ಅಡಿಕೆಯ ವಿಷಯ ಎತ್ತಬೇಡಿ, ‘ಸಪ್ಲೈ ಚೈನ್’ ಎಂದಷ್ಟೇ ಹೇಳಿ ಎಂದು ಎರಡು ಬಾರಿ ತಿದ್ದಿದ್ದರು.

ಮಾರ್ಗದರ್ಶನದ ಹಣ ಮರಳಿ ಕೇಳಿದೆ. ನಾಲ್ಕು ತಿಂಗಳ ಪತ್ರವ್ಯವಹಾರದ ನಂತರ 6,000 ರೂಪಾಯಿ ಬಂತು. ಈ ವರ್ಷ ನನ್ನ ಚಿಕ್ಕಪ್ಪನ ಮಗ, ಪದವಿಯಲ್ಲಿ ಎರಡು ಬ್ಯಾಕ್‌ಲಾಗ್ ಇದ್ದವನು, ಅದೇ ಸೇವೆಯಿಂದ ಮಾಕ್ ಪರೀಕ್ಷೆಗಳನ್ನಷ್ಟೇ ಕೊಂಡಿದ್ದಾನೆ. ಈಗ ಅವನ್ನು ಬಿಡಿಯಾಗಿಯೂ ಕೊಡುತ್ತಾರೆ. ಜುಲೈಯ ಮೊದಲ ವಾರ ಬರೆಯುವಾಗ ಕರೆಂಟು ಹೋಯಿತಂತೆ. ಬಂದ ಮೇಲೆ ತೆರೆದರೆ ಗಡಿಯಾರ ನಿಂತಲ್ಲೇ ಇತ್ತು, ಉಳಿದಿದ್ದ ಇಪ್ಪತ್ತಮೂರು ನಿಮಿಷ ಪೂರ್ತಿ ಸಿಕ್ಕಿತು.