ಬೆಂಗಳೂರು–ಲಂಡನ್: ನೇರ ವಿಮಾನವೋ, ದುಬೈ ಮೇಲೋ, ಫ್ರಾಂಕ್‌ಫರ್ಟ್ ಮೇಲೋ?

ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದ ದಾರಿ ಸುಮಾರು 8,000 ಕಿಲೋಮೀಟರ್. ದುಬೈ ಮೇಲೆ ಹೋದರೆ ಸುತ್ತು ಜಾಸ್ತಿ ಅಂತ ತುಂಬಾ ಜನ ಹೇಳ್ತಾರೆ. ಲೆಕ್ಕ ಹಾಕಿ ನೋಡಿ. ದುಬೈಗೆ ಸುಮಾರು 2,700, ಅಲ್ಲಿಂದ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ 5,500. ಹೆಚ್ಚಾಗುವುದು 200 ಕಿಲೋಮೀಟರ್ ಅಷ್ಟೇ! ಫ್ರಾಂಕ್‌ಫರ್ಟ್ ಅಂತೂ ಹೋಗುವ ದಾರಿಯಲ್ಲೇ ಸಿಗುತ್ತದೆ. ಮೂರರಲ್ಲೂ ಹೋಗಿ ಬಂದಿದ್ದೇನೆ. ದೂರ ಹೆಚ್ಚುಕಡಿಮೆ ಒಂದೇ, ಸಮಯ ಹೋಗುವುದು ನೆಲದ ಮೇಲೆ.

ನೇರ ವಿಮಾನಕ್ಕೆ ಹತ್ತೂವರೆಯಿಂದ ಹನ್ನೊಂದು ಗಂಟೆ. ವಾಪಸ್ ಬರುವಾಗ ಸ್ವಲ್ಪ ಬೇಗ, ಯಾಕಂದ್ರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಹಿಂದಿನಿಂದ ತಳ್ಳುತ್ತದೆ. ಬೆಳಗಿನ ವಿಮಾನ ಹತ್ತಿದರೆ ಅದೇ ದಿನ ಮಧ್ಯಾಹ್ನ ಲಂಡನ್ನಿನಲ್ಲಿ ಇರುತ್ತೀರಿ, ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಕಷ್ಟ ಏನಂದ್ರೆ ಜಯನಗರದ ಕಡೆಯವರು ಮಧ್ಯರಾತ್ರಿ ದಾಟುತ್ತಲೇ ದೇವನಹಳ್ಳಿಗೆ ಹೊರಡಬೇಕು. ಎಂಟನೇ ಗಂಟೆ ಹೊತ್ತಿಗೆ ಮಂಡಿ ಹಿಡಿದುಕೊಳ್ಳುತ್ತದೆ, ಎದ್ದು ಓಡಾಡಲೇಬೇಕು.

ದುಬೈ ಮೇಲೆ ಹೋದಾಗ ಮೊದಲ ವಿಮಾನ ನಾಲ್ಕು ಗಂಟೆ, ಎರಡನೆಯದು ಏಳೂವರೆ. ಗಾಳಿಯಲ್ಲಿ ಇರುವ ಸಮಯ ಅರ್ಧದಿಂದ ಒಂದು ಗಂಟೆ ಮಾತ್ರ ಹೆಚ್ಚು, ಆದರೆ ಮಧ್ಯೆ ಕಾಯುವುದು ಸೇರಿ ಒಟ್ಟು ಹದಿನಾಲ್ಕು ಹದಿನೈದು ಆಗಿಬಿಡುತ್ತದೆ. ಅಮ್ಮನ ಜೊತೆ ಹೋದಾಗ ಇದರ ಬಿಸಿ ಚೆನ್ನಾಗಿ ತಟ್ಟಿತು. ಇಳಿದ ಕೂಡಲೇ ಮತ್ತೆ ತಪಾಸಣೆ, ಬ್ಯಾಗು ಬೆಲ್ಟಿನ ಮೇಲೆ, ಮತ್ತೊಂದು ಕಡೆಯ ಗೇಟಿಗೆ ಟರ್ಮಿನಲ್ ಒಳಗಿನ ರೈಲು, ಅದಾದ ಮೇಲೆ ಮುಗಿಯದ ನಡಿಗೆ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿದ್ದರಿಂದ ಅಮ್ಮ ಸುಖವಾಗಿ ಹೋದರು, ಹಿಂದೆ ಓಡಿದ್ದು ನಾನು. ಹಾಗಂತ ಈ ದಾರಿ ಬೇಡ ಅನ್ನುವುದಿಲ್ಲ. ಮಧ್ಯದಲ್ಲಿ ಕಾಲು ಚಾಚಿ, ಮುಖ ತೊಳೆದು, ಬಿಸಿ ಕಾಫಿ ಕುಡಿದರೆ ಉಳಿದ ದಾರಿ ಹಗುರ. ಚಿಕ್ಕ ಮಕ್ಕಳಿದ್ದರೆ ಇದು ದೊಡ್ಡ ಅನುಕೂಲ, ಹತ್ತು ಗಂಟೆ ಸೀಟಿನಲ್ಲಿ ಕೂರಿಸುವುದು ಯಾರಿಂದ ಆಗುತ್ತೆ ಹೇಳಿ?

ಫ್ರಾಂಕ್‌ಫರ್ಟ್ ನನಗೆ ಹಿಡಿಸಲಿಲ್ಲ. ಹತ್ತು ಗಂಟೆ ಕೂತು ಸುಸ್ತಾದ ಮೇಲೆ ಇಳಿದು, ಮತ್ತೆ ತಪಾಸಣೆ ಮುಗಿಸಿ, ಒಂದೂಮುಕ್ಕಾಲು ಗಂಟೆಯ ಇನ್ನೊಂದು ವಿಮಾನ ಹತ್ತಬೇಕು. ದುಬೈಯಲ್ಲಾದರೆ ವಿರಾಮ ಬೇಕಾದ ಹೊತ್ತಿಗೆ ಸಿಗುತ್ತದೆ, ಇಲ್ಲಿ ಊರು ಹತ್ತಿರ ಬಂದ ಮೇಲೆ ತಡೆದು ನಿಲ್ಲಿಸಿದ ಹಾಗೆ. ಕೈಚೀಲದಲ್ಲಿ ಉಪ್ಪಿನಕಾಯಿ ಬಾಟಲಿ ಇದ್ದರೆ ಅದೂ ಹೋಯಿತು ಅಂತಲೇ ತಿಳಿಯಿರಿ, ಚೆಕ್‌ಇನ್ ಪೆಟ್ಟಿಗೆಗೆ ಹಾಕಿ.

ಅಪ್ಪ ಅಮ್ಮ ಇಬ್ಬರೇ ಹೋಗುತ್ತಿದ್ದರೆ ದುಡ್ಡು ಜಾಸ್ತಿ ಆದರೂ ನೇರ ವಿಮಾನವನ್ನೇ ಮಾಡಿಕೊಡಿ. ನೀವೊಬ್ಬರೇ ಹೋಗುವುದಾದರೆ, ದುಬೈ ಟಿಕೆಟ್ಟಿನಲ್ಲಿ ಒಳ್ಳೆ ಮೊತ್ತ ಉಳಿಯುತ್ತದೆ ಅಂತಾದರೆ ಅದನ್ನು ತಗೊಳ್ಳಿ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿ ಇರಲಿ, ಮಧ್ಯೆ ಎರಡೂವರೆ ಗಂಟೆಯಾದರೂ ಇರಲಿ.