ಎಂಟಕ್ಕೆಂಟು ಚೌಕದ ದಪ್ಪಕ್ಷರ: ಪ್ರೆಸ್ ಸ್ಟಾರ್ಟ್ 2ಪಿ ಫಾಂಟ್ ಬಳಸಿ ನೋಡಿದಾಗ

ಹಳೆಯ ವಿಡಿಯೊ ಗೇಮ್ ಯಂತ್ರಗಳ ಪರದೆಯಲ್ಲಿ ಅಂಕಗಳನ್ನೂ ಆಟ ಮುಗಿದ ಸೂಚನೆಯನ್ನೂ ತೋರಿಸುತ್ತಿದ್ದ ಚೌಕಚೌಕದ ಅಕ್ಷರಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಬಳಸಬಯಸುವವರಿಗೆ ಸುಲಭವಾಗಿ ಸಿಗುವ ಫಾಂಟ್ ಪ್ರೆಸ್ ಸ್ಟಾರ್ಟ್ 2ಪಿ. 1980ರ ದಶಕದಲ್ಲಿ ಜಪಾನಿನ ನ್ಯಾಮ್ಕೊ ಕಂಪನಿ ತಂದ ವಿಡಿಯೊ ಗೇಮ್‌ಗಳ ಅಕ್ಷರಗಳನ್ನು ಆಧರಿಸಿದ ಇದು ಗೂಗಲ್ ಫಾಂಟ್ಸ್‌ನಲ್ಲಿ ಓಪನ್ ಫಾಂಟ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಉಚಿತವಾಗಿ ದೊರೆಯುತ್ತದೆ. ವಾಣಿಜ್ಯ ಕೆಲಸಕ್ಕೂ ಬಳಸಬಹುದು. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ. ಒಂದು ಸಣ್ಣ ಆಟದ ಆರಂಭದ ಪರದೆ, ಒಂದು ಭಿತ್ತಿಪತ್ರ ಮತ್ತು ಒಂದು ಎಲ್‌ಇಡಿ ಫಲಕಕ್ಕೆ ಇದನ್ನು ಬಳಸಿದ ಮೇಲೆ ನನಗನ್ನಿಸಿದ್ದು ಇಷ್ಟು: ಇದರ ಅಳತೆಯ ಶಿಸ್ತಿಗೆ ಒಗ್ಗಿಕೊಂಡರೆ ಇಷ್ಟು ಗಟ್ಟಿಯಾಗಿ ಕಣ್ಣಿಗೆ ಕಟ್ಟುವ ಶೀರ್ಷಿಕೆ ಅಕ್ಷರ ಬೇರೆ ಸಿಗುವುದು ಕಷ್ಟ, ಆ ಶಿಸ್ತು ತಪ್ಪಿದರೆ ಇದರಷ್ಟು ಬೇಗ ಕೆಡುವ ಅಕ್ಷರವೂ ಇಲ್ಲ.

ಇದರ ಒಂದೊಂದು ಅಕ್ಷರವೂ ಎಂಟಕ್ಕೆಂಟು, ಅಂದರೆ 64 ಚೌಕಗಳ ಮನೆಯೊಳಗೆ ಕೂರುತ್ತದೆ. ಪಕ್ಕದ ಅಕ್ಷರಕ್ಕೂ ಕೆಳಗಿನ ಸಾಲಿಗೂ ತಾಗದಂತೆ ಒಂದೊಂದು ಸಾಲು ಖಾಲಿ ಬಿಟ್ಟರೆ, ದೊಡ್ಡಕ್ಷರದ ಆಕಾರ ಮೂಡುವುದು ಉಳಿದ ಏಳಕ್ಕೇಳರಲ್ಲಿ. ಇಂಗ್ಲಿಷಿನ ದೊಡ್ಡ ‘ಎ’ಯನ್ನು ಹಿಗ್ಗಿಸಿ ನೋಡಿದರೆ ನೆತ್ತಿಯಲ್ಲಿ ಮೂರು ಚೌಕ, ಅದರ ಕೆಳಗೆ ನಡುವೆ ಒಂದು ಚೌಕ ಬಿಟ್ಟು ಎರಡೆರಡು, ಅಲ್ಲಿಂದ ಎರಡು ಬದಿಗೂ ಎರಡು ಚೌಕ ದಪ್ಪದ ಕಾಲುಗಳು, ಐದನೆಯ ಸಾಲಿನಲ್ಲಿ ಏಳೂ ಚೌಕ ತುಂಬಿದ ಅಡ್ಡಪಟ್ಟಿ ಕಾಣುತ್ತವೆ. ನಿಂತ ಗೆರೆ ಎರಡು ಚೌಕ ದಪ್ಪ, ಮಲಗಿದ ಗೆರೆ ಒಂದೇ ಚೌಕ ದಪ್ಪ. ಈ ವ್ಯತ್ಯಾಸ ಅಲಂಕಾರಕ್ಕೆ ಬಂದದ್ದಲ್ಲ. ಹಳೆಯ ಟಿವಿಗಳಂಥ ಪಿಕ್ಚರ್ ಟ್ಯೂಬಿನ ಪರದೆಯಲ್ಲಿ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಹರಿಯುವುದರಿಂದ ಅಡ್ಡಗೆರೆ ಸಲೀಸಾಗಿ ಬೆಳಗುತ್ತಿತ್ತು; ಒಂದೇ ಚುಕ್ಕೆ ಅಗಲದ ನಿಂತ ಗೆರೆಗೆ ಮಾತ್ರ ಕಿರಣವು ಪ್ರತಿ ಸಾಲಿನಲ್ಲೂ ಕ್ಷಣದಲ್ಲಿ ಹೊತ್ತಿ ಆರಬೇಕಾಗಿ, ಅದು ಮಂಕಾಗಿ ಕಾಣುತ್ತಿತ್ತು. ಇಂದು ನಾವು ‘ರೆಟ್ರೊ’ ಎಂದು ಮೆಚ್ಚುವ ದಪ್ಪ ಆ ಮಂಕನ್ನು ನೀಗಿಸುವ ಉಪಾಯವೂ ಆಗಿತ್ತು.

ನನಗೆ ತುಂಬ ಹಿಡಿಸಿದ್ದು ಸೊನ್ನೆ. ದೊಡ್ಡ ‘ಓ’ ನಾಲ್ಕೂ ಮೂಲೆಯಲ್ಲಿ ಒಂದೇ ಸಮನಾಗಿದ್ದರೆ, ಸೊನ್ನೆಯ ಎಡ ಹೆಗಲು ಮತ್ತು ಬಲ ಬುಡ ಒಂದೇ ಚೌಕಕ್ಕೆ ತೆಳುವಾಗಿ, ಇಡೀ ಅಂಕಿ ಕೊಂಚ ಓರೆಯಾದಂತೆ ಕಾಣುತ್ತದೆ. ನಡುವೆ ಚುಕ್ಕೆಯನ್ನಾಗಲಿ ಗೀಟನ್ನಾಗಲಿ ಎಳೆಯದೆ ಎರಡನ್ನೂ ಬೇರ್ಪಡಿಸಿರುವ ಈ ಜಾಣ್ಮೆಗೆ ತಲೆದೂಗಲೇಬೇಕು.

ಇನ್ನು ಬಳಕೆಯ ಮಾತು. ಅಕ್ಷರದ ಗಾತ್ರ ಎಂಟರ ಗುಣಕದಲ್ಲಿರಬೇಕು: 8, 16, 24, 32 ಪಿಕ್ಸೆಲ್. ನಾನು ಮೊದಲ ಸಲ ಶೀರ್ಷಿಕೆಗೆ 20 ಪಿಕ್ಸೆಲ್ ಕೊಟ್ಟಿದ್ದೆ. ಒಂದು ಚೌಕಕ್ಕೆ ಎರಡೂವರೆ ಪಿಕ್ಸೆಲ್ ಬಂದು, ಅಂಚುಗಳೆಲ್ಲ ಬೂದು ಬಣ್ಣಕ್ಕೆ ಕದಡಿದವು. ಗಾತ್ರವನ್ನು 24ಕ್ಕೆ ಏರಿಸಿದ ಮೇಲೂ ಅಕ್ಷರಗಳು ಉಬ್ಬಿದಂತೆಯೇ ಇದ್ದವು, ಕಾರಣ ಹುಡುಕಲು ಸಂಜೆಯೆಲ್ಲ ಹಿಡಿಯಿತು. ಈ ಫಾಂಟಿಗೆ ಇರುವುದು ಒಂದೇ ತೂಕ, ಅಂದರೆ ಗೆರೆಗಳ ದಪ್ಪದ ಒಂದೇ ಮಟ್ಟ. ವೆಬ್ ಪುಟದ ಶೀರ್ಷಿಕೆಗಳನ್ನು ಬ್ರೌಸರ್ ತಾನಾಗಿಯೇ ಬೋಲ್ಡ್ ಮಾಡುವುದರಿಂದ, ಇಲ್ಲದ ದಪ್ಪವನ್ನು ಅದು ಕೃತಕವಾಗಿ ಮೆತ್ತಿತ್ತು. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಸಂಕೇತದಲ್ಲಿ ಫಾಂಟ್ ತೂಕವನ್ನು 400, ಅಂದರೆ ಸಾಮಾನ್ಯ ದಪ್ಪ, ಎಂದು ನಮೂದಿಸಿದ ಕೂಡಲೇ ಚೌಕಗಳು ಮತ್ತೆ ಚೂಪಾದವು. ಇದನ್ನು ಬಳಸುವ ಪ್ರತಿಯೊಬ್ಬರೂ ಮೊದಲು ನೋಡಿಕೊಳ್ಳಬೇಕಾದ ಸಂಗತಿ ಇದು.

ಎಲ್ಲ ಅಕ್ಷರಗಳ ಅಗಲವೂ ಒಂದೇ, ಅದೂ ಫಾಂಟಿನ ಗಾತ್ರದಷ್ಟೇ ಆಗಿರುವುದರಿಂದ ಜಾಗ ಬಹಳ ಬೇಕು. 360 ಪಿಕ್ಸೆಲ್ ಅಗಲದ ಮೊಬೈಲ್ ಪರದೆಯಲ್ಲಿ 16ರ ಗಾತ್ರದಲ್ಲಿ ಒಂದು ಸಾಲಿಗೆ 22 ಅಕ್ಷರ, 24ರಲ್ಲಿ ಕೇವಲ 15. ಹೀಗಾಗಿ ಆಟದ ಹೆಸರು, ಅಂಕಫಲಕ, ಗುಂಡಿಯ ಮೇಲಿನ ಒಂದೆರಡು ಪದ, ಅಂಗಿಯ ಮೇಲಿನ ಮುದ್ರಣ ಇಂಥವುಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಪ್ಯಾರಾಗಟ್ಟಲೆ ಓದಿಸುವುದಕ್ಕೆ ಬೇಡವೇ ಬೇಡ. ಅಂಥ ಕಡೆ ಇನ್ನೂ ಕಿರಿದಾದ ವಿಟಿ323 ಎಂಬ ಫಾಂಟ್ ಒಳ್ಳೆಯದು. ಹಲವು ತೂಕಗಳೇ ಬೇಕೆಂದರೆ ಪಿಕ್ಸೆಲಿಫೈ ಸ್ಯಾನ್ಸ್ ಎಂಬ ಫಾಂಟ್ ಇದೆ, ಆದರೆ ಆಟದ ಯಂತ್ರದ ಆ ಖಡಕ್ಕುತನ ಅದರಲ್ಲಿಲ್ಲ. ಭಿತ್ತಿಪತ್ರದಲ್ಲಿ ಎಷ್ಟೇ ದೊಡ್ಡದು ಮಾಡಿದರೂ ಅಂಚು ಕೆಡಲಿಲ್ಲ, ಏಕೆಂದರೆ ಚೌಕಗಳು ಚಿತ್ರವಾಗಿರದೆ ರೇಖಾಕೃತಿಗಳಾಗಿವೆ. ಎಂಟಕ್ಕೆಂಟು ಎಲ್‌ಇಡಿಗಳ ಫಲಕದಲ್ಲಂತೂ ಒಂದು ಚೌಕಕ್ಕೆ ಒಂದು ದೀಪದಂತೆ ಅಕ್ಷರಗಳು ತವರಿಗೆ ಬಂದಂತೆ ಕೂತವು.

ಲ್ಯಾಟಿನ್, ಗ್ರೀಕ್, ಸಿರಿಲಿಕ್ ಲಿಪಿಗಳಿರುವ ಈ ಫಾಂಟಿನಲ್ಲಿ ಕನ್ನಡವಿಲ್ಲ. ಚೌಕದ ಹಾಳೆಯ ಮೇಲೆ ‘ಸ್ಕೋ’ ಬರೆಯಲು ಕೂತಾಗ ತಲೆಯ ಮೇಲಿನ ಗುಣಿತದ ಚಿಹ್ನೆ, ನಡುವಿನ ‘ಸ’ ಮತ್ತು ಕೆಳಗಿನ ಕ ಒತ್ತು ಎಂಟು ಸಾಲಿನಲ್ಲಿ ಹಿಡಿಯಲೇ ಇಲ್ಲ. ಹದಿನಾರು ಸಾಲು ತೆಗೆದುಕೊಂಡಾಗ ಮಾತ್ರ ಓದುವಂತಾಯಿತು. ಶೀರ್ಷಿಕೆಯಲ್ಲಿ ಎರಡೂ ಲಿಪಿ ಬೇಕಾದಾಗ ಬ್ರೌಸರ್ ಕನ್ನಡಕ್ಕೆ ಬೇರೆ ಫಾಂಟ್ ತಂದು ಜೋಡಿಸುವುದರಿಂದ ಸಾಲು ಎಡವಟ್ಟಾಗುತ್ತದೆ. ಸದ್ಯಕ್ಕೆ ನಾನು ಕನ್ನಡದ ಹೆಸರನ್ನು ಹದಿನಾರರ ಚೌಕದಲ್ಲಿ ಕೈಯಾರೆ ಬಿಡಿಸಿ, ಅದರ ಕೆಳಗಿನ ಸಾಲಿನಲ್ಲಿ ಪ್ರೆಸ್ ಸ್ಟಾರ್ಟ್ 2ಪಿಯನ್ನು 16 ಪಿಕ್ಸೆಲ್‌ಗೆ ಇಡುತ್ತಿದ್ದೇನೆ.