ಎರೆಮಣ್ಣಿನ ಊರಲ್ಲಿ ಕೂತು ಓದಬಹುದಾದ ವಿಜ್ಞಾನದ ಪುಸ್ತಕಗಳು

ವಿಜ್ಞಾನದ ಪುಸ್ತಕಕ್ಕೆ ನನ್ನ ಹತ್ತಿರ ಇರುವುದು ಒಂದೇ ಪರೀಕ್ಷೆ. ಓದಿ ಮುಗಿಸಿ ಮನೆಯಿಂದ ಹೊರಗೆ ಬಂದಾಗ ಕಲಬುರಗಿಯಲ್ಲಿ ಏನಾದರೂ ಒಂದು ಬೇರೆ ಥರ ಕಾಣಬೇಕು. ನೆಲವೋ, ಹುಳವೋ, ತೊಗರಿ ಹೊಲವೋ, ಯಾವುದಾದರೂ ಸರಿ. ಇಲ್ಲಾಂದ್ರೆ ಅದು ಎಷ್ಟು ಬಹುಮಾನ ಗೆದ್ದಿದ್ದರೂ ನನಗೆ ಅಷ್ಟಕ್ಕಷ್ಟೇ. ಈಚಿನ ವರ್ಷಗಳಲ್ಲಿ ಬಂದವುಗಳಲ್ಲಿ ನಾನು ಓದಿದ ಕೆಲವನ್ನು ಈ ಪರೀಕ್ಷೆಗೆ ಹಚ್ಚಿ ಇಲ್ಲಿ ಬರೆಯುತ್ತಿದ್ದೇನೆ. ನೀವು ಕಾಲೇಜಿನಲ್ಲಿ ವಿಜ್ಞಾನ ಓದಿರಬೇಕು ಅಂತೇನಿಲ್ಲ. ಹೆಚ್ಚಿನವು ಇಂಗ್ಲಿಷ್ ಪುಸ್ತಕಗಳು. ಅದರ ಬಗ್ಗೆ ನನಗೆ ತಕರಾರಿದೆ, ಆಮೇಲೆ ಹೇಳುತ್ತೇನೆ.

ಮೊದಲು ಪ್ರಣಯ್ ಲಾಲ್ ಅವರ ‘ಇಂಡಿಕಾ’. 2016ರದ್ದು, ತೀರಾ ಹೊಸದಲ್ಲ, ಆದರೂ ಶುರು ಮಾಡುವುದಾದರೆ ಇದರಿಂದಲೇ ಮಾಡಿ. ಭೂಮಿ ಹುಟ್ಟಿದಾಗಿನಿಂದ ಮನುಷ್ಯ ಈ ಉಪಖಂಡಕ್ಕೆ ಬಂದು ಸೇರುವ ತನಕ ಇಲ್ಲಿ ಏನೇನಾಯಿತು ಅನ್ನುವ ಕತೆ. ಲೇಖಕರು ಓದಿದ್ದು ಜೀವರಸಾಯನಶಾಸ್ತ್ರ, ಭೂವಿಜ್ಞಾನವಲ್ಲ. ಅದಕ್ಕೇ ಇರಬೇಕು, ಕಲ್ಲು ನೋಡಿ ಅವರಿಗಾಗುವ ಬೆರಗು ಇನ್ನೂ ಹಳತಾಗಿಲ್ಲ.

ನಮ್ಮ ಕಡೆಯವರು ಇದನ್ನು ಕೊಳ್ಳಬೇಕಾದದ್ದು ದಖ್ಖನ್ ಲಾವಾದ ಭಾಗಕ್ಕಾಗಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತ ಇನ್ನೂ ಏಷ್ಯಾಕ್ಕೆ ಬಂದು ಡಿಕ್ಕಿ ಹೊಡೆದಿರಲಿಲ್ಲ. ಸಮುದ್ರದಲ್ಲಿ ಒಂಟಿಯಾಗಿ ಉತ್ತರಕ್ಕೆ ಸರಿಯುತ್ತಾ, ಈಗ ರಿಯೂನಿಯನ್ ದ್ವೀಪ ಇರುವ ಕಡೆಯ ಬಿಸಿ ತಾಣದ, ಅಂದರೆ ಭೂಮಿಯ ಆಳದ ಬಿಸಿ ಮೇಲಕ್ಕೆ ಉಕ್ಕುವ ಜಾಗದ, ಮೇಲೆ ಹಾದು ಹೋಗುತ್ತಿತ್ತು. ಆಗ ನೆಲ ಬಿರಿಯಿತು. ಯಾವುದೋ ಒಂದು ಬೆಟ್ಟ ಬಾಯಿ ತೆರೆದು ಉಗುಳಿದ್ದಲ್ಲ ಇದು, ಉದ್ದುದ್ದ ಬಿರುಕುಗಳಿಂದ ಲಾವಾ ಉಕ್ಕಿ, ಹರಿದು, ಆರಿ, ಮತ್ತೆ ಅದರ ಮೇಲೆ ಇನ್ನೊಂದು ಪದರ, ಹೀಗೆ ಲಕ್ಷಾಂತರ ವರ್ಷ ನಡೆದದ್ದು. ಸವೆದು ಉಳಿದದ್ದೇ ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಪಶ್ಚಿಮ ಘಟ್ಟದ ಕಡೆ ದಪ್ಪ 2 ಕಿಲೋಮೀಟರ್ ದಾಟುತ್ತದೆ, ಪೂರ್ವಕ್ಕೆ ಬಂದಂತೆ ತೆಳುವಾಗಿ ನಮ್ಮ ಜಿಲ್ಲೆಗಳ ಹತ್ತಿರ ಅಂಚು ಮುಗಿಯುತ್ತದೆ. ಆ ಕರಿಕಲ್ಲು ಸವೆದು ಆದದ್ದೇ ನಮ್ಮ ಎರೆಮಣ್ಣು. ಮಳೆಗಾಲದಲ್ಲಿ ಚಪ್ಪಲಿ ಬಿಡದೆ ಹಿಡಿಯುವ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಅದೇ ಮಣ್ಣು.

ಇನ್ನು ಪುಸ್ತಕ ಪಕ್ಕಕ್ಕಿಟ್ಟು ಶಹಾಬಾದ್ ಕಡೆ ಹೋಗಿ. ಅಲ್ಲಿ ಕಲ್ಲೇ ಬೇರೆ. ನಾವು ಪಡಸಾಲೆಗೂ ಬಚ್ಚಲಿಗೂ ಹಾಸುವ ಫರಸಿ ಸುಣ್ಣದಕಲ್ಲು, ಲಾವಾಕ್ಕಿಂತ ಎಷ್ಟೋ ಹಳೆಯದು. ಮೀನುಗಳು ಹುಟ್ಟುವುದಕ್ಕೂ ಮೊದಲಿದ್ದ ಒಂದು ಸಮುದ್ರದ ತಳದ ಕೆಸರು ಅದು. ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳು ಅರೆಯುತ್ತಿರುವುದೂ ಅದನ್ನೇ. ಬೀದರ್‌ನವರಿಗೆ ಇನ್ನೊಂದು ಕತೆ ಇದೆ. ಅವರ ಊರು ಕೂತಿರುವುದು ಕರಿಕಲ್ಲಿನ ಮೇಲಿನ ಕೆಂಪು ಜಂಬಿಟ್ಟಿಗೆಯ ಮೇಲೆ. ಜಂಬಿಟ್ಟಿಗೆ ತೂತು ತೂತು, ಮಳೆ ನೀರು ಒಳಗಿಳಿಯುತ್ತದೆ, ಕೆಳಗಿನ ಕರಿಕಲ್ಲು ಅದನ್ನು ತಡೆಯುತ್ತದೆ. ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ತೋಡಿದ ಕರೇಜ್, ಅಂದರೆ ಆ ಸುರಂಗ ಬಾವಿಗಳ ಸಾಲು, ಈ ನೀರನ್ನೇ ನಂಬಿಕೊಂಡದ್ದು. ಇವನ್ನೆಲ್ಲ ಪುಸ್ತಕದ ಜೊತೆಗೆ ನಾವೇ ಸೇರಿಸಿಕೊಂಡು ಓದಬೇಕು. ಸೇರಿಸಿಕೊಳ್ಳಲು ಬೇಕಾದ ಬುನಾದಿಯನ್ನು ‘ಇಂಡಿಕಾ’ ಹಾಕಿ ಕೊಡುತ್ತದೆ, ಅದು ಸಣ್ಣ ಮಾತಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಇದರ ಅರ್ಧ ಜೀವ ಬಣ್ಣದ ಚಿತ್ರಗಳಲ್ಲಿದೆ. ಮೊಬೈಲಿನಲ್ಲಿ ಓದಬೇಡಿ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಅಂತ ನಾನು ತರಿಸಿದ ಪ್ರತಿ ನಕಲಿ ಮುದ್ರಣವಾಗಿತ್ತು, ಡೈನೋಸಾರ್ ಯಾವುದು ಬಂಡೆ ಯಾವುದು ಗೊತ್ತಾಗದಷ್ಟು ಮಸಿ. ವಾಪಸ್ ತೆಗೆದುಕೊಳ್ಳಲು ಮಾರಾಟಗಾರ ಆಡಿಸಿದ ಆಟ ಕೇಳಬೇಡಿ.

ಇದು ಹಿಡಿಸಿದರೆ ಥಾಮಸ್ ಹ್ಯಾಲಿಡೇ ಬರೆದ ‘ಅದರ್‌ಲ್ಯಾಂಡ್ಸ್’ (2022) ನೋಡಬಹುದು. 20 ಸಾವಿರ ವರ್ಷದ ಹಿಂದಿನ ಅಲಾಸ್ಕಾದಿಂದ ಹೊರಟು, ಹಿಂದಕ್ಕೆ ಹಿಂದಕ್ಕೆ ನಡೆದು, 55 ಕೋಟಿ ವರ್ಷದ ಹಿಂದಿನ ಆಸ್ಟ್ರೇಲಿಯಾದಲ್ಲಿ ನಿಲ್ಲುತ್ತದೆ. ಮೆಡಿಟರೇನಿಯನ್ ಸಮುದ್ರ ಒಣಗಿ ಮತ್ತೆ ತುಂಬಿಕೊಳ್ಳುವ ಭಾಗ ಅದ್ಭುತ. ಆದರೆ ಬರವಣಿಗೆ ಗಟ್ಟಿ, ಪುಟಕ್ಕೆ ಹತ್ತು ಪ್ರಾಣಿಗಳ ಲ್ಯಾಟಿನ್ ಹೆಸರು ಬಂದು ತಲೆ ಚಿಟ್ಟು ಹಿಡಿಯುತ್ತದೆ. 16 ಅಧ್ಯಾಯಗಳಲ್ಲಿ ಒಂದೂ ಭಾರತದಲ್ಲಿ ನಡೆಯುವುದಿಲ್ಲ. ಇಂಗ್ಲಿಷ್ ಓದುವ ರೂಢಿ ಚೆನ್ನಾಗಿರುವವರಿಗೆ ಮಾತ್ರ.

ಎಡ್ ಯಾಂಗ್ ಬರೆದ ‘ಆ್ಯನ್ ಇಮೆನ್ಸ್ ವರ್ಲ್ಡ್’ (2022) ಮಾತ್ರ ಯಾರಿಗೆ ಬೇಕಾದರೂ ಕೊಡಿ. ಪ್ರಾಣಿಗಳಿಗೆ ಲೋಕ ಹೇಗೆ ತಿಳಿಯುತ್ತದೆ ಅನ್ನುವುದು ವಿಷಯ. ಒಂದೇ ಕೋಣೆಯಲ್ಲಿ ಆನೆ, ಇಲಿ, ಗೂಬೆ, ಬಾವಲಿ, ಹಾವು, ಜೇಡ, ಸೊಳ್ಳೆ ಮತ್ತು ಒಬ್ಬ ಹೆಂಗಸು ಇದ್ದಾರೆ ಅಂದುಕೊಳ್ಳಿ ಅಂತ ಶುರು ಮಾಡುತ್ತಾರೆ. ಕೋಣೆ ಒಂದೇ, ಆದರೆ ಅಲ್ಲಿರುವ ಪ್ರತಿಯೊಂದು ಜೀವಿಗೂ ದಕ್ಕುವುದು ಬೇರೆ ಬೇರೆ. ಇದಾದ ಮೇಲೆ ವಾಸನೆ, ಬಣ್ಣ, ನೋವು, ಶಾಖ, ಸದ್ದು, ವಿದ್ಯುತ್ತು, ಕಾಂತಕ್ಷೇತ್ರ ಅಂತ ಒಂದೊಂದಾಗಿ ಬಿಡಿಸುತ್ತಾರೆ. ಗಿಡದ ಕಾಂಡಕ್ಕೆ ಮುಳ್ಳಿನಂತೆ ಅಂಟಿಕೊಂಡು ರಸ ಹೀರುವ ಚಿಕ್ಕ ಕೀಟಗಳಿವೆಯಲ್ಲ, ಅವು ಕಾಂಡವನ್ನು ನಡುಗಿಸಿ ಒಂದಕ್ಕೊಂದು ಮಾತಾಡುತ್ತವೆ. ನಮ್ಮ ಕಿವಿಗೆ ಏನೂ ಇಲ್ಲ. ಆ ಕಂಪನವನ್ನು ಸ್ಪೀಕರಿನಲ್ಲಿ ಹಾಕಿ ಕೇಳಿದರೆ ಇದು ಕೀಟದ ಸದ್ದು ಅಂತ ಯಾರೂ ಹೇಳುವುದಿಲ್ಲವಂತೆ. ಈ ಜಾತಿಯ ಕೀಟಗಳು ತೊಗರಿ ಗಿಡದ ಮೇಲೂ ಇರುತ್ತವೆ. ಔಷಧಿ ಹೊಡೆಯುವ ಹುಳ ಅಂತಲೇ ಇಷ್ಟು ವರ್ಷ ನೋಡಿದ್ದೆ, ಸದ್ದಿಲ್ಲದ ಹೊಲದಲ್ಲಿ ಇಷ್ಟು ಗದ್ದಲ ಇದೆ ಅಂತ ಹೊಳೆದಿರಲೇ ಇಲ್ಲ. ನನ್ನ ಪರೀಕ್ಷೆಯಲ್ಲಿ ಈ ಪುಸ್ತಕ ಪಾಸಾದದ್ದು ಅಲ್ಲಿ.

ಕೊನೆಯ ಭಾಗ ನಾವು ಮಾಡುವ ಬೆಳಕು ಮತ್ತು ಗಲಾಟೆಯ ಬಗ್ಗೆ. ನ್ಯೂಯಾರ್ಕ್‌ನಲ್ಲಿ ಪ್ರತಿ ಸೆಪ್ಟೆಂಬರ್ 11ರ ರಾತ್ರಿ ಸ್ಮಾರಕವಾಗಿ ಆಕಾಶಕ್ಕೆ ಬಿಡುವ ದೀಪಗಳಿಗೆ ವಲಸೆ ಹಕ್ಕಿಗಳು ಸಿಕ್ಕಿಹಾಕಿಕೊಂಡು ಸುತ್ತುತ್ತವೆ, ಸಂಖ್ಯೆ ಜಾಸ್ತಿಯಾದಾಗ 20 ನಿಮಿಷ ದೀಪ ಆರಿಸಿ ಅವುಗಳಿಗೆ ದಾರಿ ಬಿಡುತ್ತಾರೆ. ಓದುವಾಗ ನಮ್ಮ ಮದುವೆ, ಜಾತ್ರೆಗಳ ಡಿಜೆ ನೆನಪಾಗದೆ ಇರಲಿಲ್ಲ. ಅಡಿಟಿಪ್ಪಣಿಗಳು ತುಂಬಾ ಇವೆ, ಬಿಡಬೇಡಿ, ತಮಾಷೆಯೆಲ್ಲ ಅಲ್ಲೇ ಇದೆ.

ಶಿಲೀಂಧ್ರಗಳ ಬಗ್ಗೆ ಮರ್ಲಿನ್ ಶೆಲ್ಡ್ರೇಕ್ ಬರೆದ ‘ಎಂಟ್ಯಾಂಗಲ್ಡ್ ಲೈಫ್’ (2020) ಬಗ್ಗೆ ನನಗೆ ಎರಡು ಮನಸ್ಸು. ಪುಸ್ತಕ ಸೊಗಸಾಗಿದೆ. ನೂರಕ್ಕೆ 90ಕ್ಕೂ ಹೆಚ್ಚು ಗಿಡಗಳು ಬೇರಿನ ಶಿಲೀಂಧ್ರಗಳನ್ನು ಅವಲಂಬಿಸಿವೆ. ಗಿಡ ಸಕ್ಕರೆ ಕೊಡುತ್ತದೆ, ಶಿಲೀಂಧ್ರ ರಂಜಕ ತಂದುಕೊಡುತ್ತದೆ. ಇರುವೆಯ ಮೈಗೆ ಹೊಕ್ಕು ಅದನ್ನು ತನಗೆ ಬೇಕಾದ ಕಡೆ ಹತ್ತಿಸಿ ಸಾಯಿಸುವ ಶಿಲೀಂಧ್ರದ ಕತೆ ಓದಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಒಳಗಿನ ಚಿತ್ರಗಳನ್ನು ಅಣಬೆಯಿಂದ ತೆಗೆದ ಮಸಿಯಲ್ಲೇ ಬರೆಸಿದ್ದಾರೆ. ಪುಸ್ತಕ ಬಂದ ಮೇಲೆ ಈ ಮನುಷ್ಯ ಅದರ ಒಂದು ಪ್ರತಿಯ ಮೇಲೇ ಅಣಬೆ ಬೆಳೆಸಿ ತಿಂದಿದ್ದಾರೆ! ಆದರೆ ನಮ್ಮಲ್ಲಿ ಶಿಲೀಂಧ್ರ ಅಂದರೆ ಮೊದಲು ನೆನಪಾಗುವುದು ನೆಟೆ ರೋಗ. ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಏರುವ ನಾಳಗಳನ್ನೇ ಮುಚ್ಚಿ, ಹೂವು ಕಾಯಿ ಹಿಡಿದ ತೊಗರಿಯನ್ನು ನಿಂತಲ್ಲೇ ಒಣಗಿಸುವುದೂ ಒಂದು ಶಿಲೀಂಧ್ರವೇ. ಸ್ನೇಹದ ಶಿಲೀಂಧ್ರಗಳಿಗೆ ಇಲ್ಲಿ ಸಿಕ್ಕ ಪ್ರೀತಿ ನೋಡಿದರೆ, ಸಾಲ ಮಾಡಿ ಬಿತ್ತಿದವರಿಗೆ ಸ್ವಲ್ಪ ಕಿರಿಕಿರಿ ಆಗಬಹುದು. ಇನ್ನೊಂದು ವಿಷಯ. ಕಾಡಿನ ಮರಗಳು ಶಿಲೀಂಧ್ರದ ಎಳೆಗಳ ಮೂಲಕ ಒಂದಕ್ಕೊಂದು ಊಟ ಕಳಿಸುತ್ತವೆ ಅನ್ನುವ ಮಾತಿಗೆ ಸಾಕಷ್ಟು ಪುರಾವೆ ಇಲ್ಲ ಎಂದು 2023ರಲ್ಲಿ ಕೆಲವು ವಿಜ್ಞಾನಿಗಳೇ ಬರೆದರು. ಶೆಲ್ಡ್ರೇಕ್ ಈ ವಿಷಯದಲ್ಲಿ ಹುಷಾರಾಗಿಯೇ ಬರೆದಿದ್ದಾರೆ. ವಾಟ್ಸಾಪ್‌ನಲ್ಲಿ ಬರುವ ‘ತಾಯಿ ಮರ’ದ ಕತೆಗಳು ಹಾಗಲ್ಲ.

ಜಾನ್ ಗ್ರೀನ್ ಬರೆದ ‘ಎವ್ರಿಥಿಂಗ್ ಈಸ್ ಟ್ಯುಬರ್ಕ್ಯುಲೋಸಿಸ್’ 2025ರದ್ದು. ಚಿಕ್ಕದು, ಪಿಯುಸಿ ಓದುವ ಹುಡುಗ ಹುಡುಗಿಯರೂ ಓದಬಹುದು. ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ. ವಾಸಿ ಮಾಡುವ ಔಷಧಿ ಬಂದು 70 ವರ್ಷ ಆಯಿತು. ಇವತ್ತಿಗೂ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಅದರಿಂದ ಸಾಯುತ್ತಾರೆ, ಲೋಕದ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ಔಷಧಿ ಒಂದು ಕಡೆ, ರೋಗಿಗಳು ಇನ್ನೊಂದು ಕಡೆ, ಯಾಕೆ ಹೀಗೆ ಅಂತ ಸಿಯೆರಾ ಲಿಯೋನ್‌ನ ಒಬ್ಬ ಹುಡುಗನ ಕತೆ ಹಿಡಿದು ಕೇಳುತ್ತಾರೆ. ಲೇಖಕರು ತಮ್ಮ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತಾರೆ. ಸಹಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಟಿಬಿ ಬಂದರೆ ತಟ್ಟೆ ಲೋಟ ಬೇರೆ ಮಾಡಿ, ಸುದ್ದಿ ಮುಚ್ಚಿಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ, ಅಲ್ವಾ? ಆ ಮನೆಗಳಿಗೆ ಇದು ತಲುಪಬೇಕಿತ್ತು, ಕನ್ನಡದಲ್ಲಿ.

ಇನ್ನು ಆ ತಕರಾರು. ಕನ್ನಡದಲ್ಲಿ ಇಂಥ ಬರವಣಿಗೆ ಇಲ್ಲ ಅನ್ನುವವರ ಮಾತು ನಂಬಬೇಡಿ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಸಸ್ಯವಿಜ್ಞಾನದ ಮೇಷ್ಟ್ರು ಇಷ್ಟು ನಗಿಸಬಲ್ಲರು ಅಂತ ಯಾರೂ ಎಣಿಸಿರುವುದಿಲ್ಲ. ತೇಜಸ್ವಿಯವರ ‘ಪರಿಸರದ ಕತೆ’ ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ, ಮನೆಯಲ್ಲಿ ಓದುವ ಮಗು ಇದ್ದರೆ ಸುಮ್ನೆ ತಂದಿಟ್ಟುಬಿಡಿ. ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’ ಕೂಡ.

ಆದರೆ ಇವುಗಳಲ್ಲಿ ಹೆಚ್ಚಿನವು ಮಲೆನಾಡಿನ, ಘಟ್ಟದ ಪುಸ್ತಕಗಳು. ಜಿಗಣೆ, ಜಡಿಮಳೆ, ಕಾಫಿ ತೋಟ. ಕಲಬುರಗಿಯ ಹುಡುಗನಿಗೆ ನಿಸರ್ಗ ಅಂದರೆ ಮೂಡಿಗೆರೆಯಲ್ಲಿ ಇರುವ ಏನೋ ಒಂದು ಅನ್ನಿಸಿಬಿಡುತ್ತದೆ. ಚಿಂಚೋಳಿಯ ಒಣ ಕಾಡು, ಸುರಪುರದ ಹತ್ತಿರದ ಬೋನಾಳ ಕೆರೆಗೆ ಬರುವ ಹಕ್ಕಿಗಳು, ಬೀದರ್‌ನ ಹೊಲಗಳಲ್ಲಿ ಹಿಂಡು ಹಿಂಡಾಗಿ ಬಂದು ಬೆಳೆ ಮೇಯುವ ಚಿಗರಿಗಳು, ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷದ ಹಿಂದೆ ಸುಣ್ಣದಕಲ್ಲು ಒಡೆದು ಕೊಡಲಿ ಮಾಡುತ್ತಿದ್ದವರು (ಅವರು ನಮ್ಮ ಪ್ರಭೇದದ ಮನುಷ್ಯರೂ ಅಲ್ಲ, ಇನ್ನೂ ಹಿಂದಿನವರು). ಇಷ್ಟೆಲ್ಲ ಇದ್ದೂ, ಇವನ್ನೆಲ್ಲ ಸೇರಿಸಿ, ಸಾಮಾನ್ಯ ಓದುಗನಿಗೆ ರುಚಿಯಾಗುವಂತೆ ಬರೆದ ಒಂದು ಕನ್ನಡ ಪುಸ್ತಕ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ನಿಮಗೆ ಸಿಕ್ಕಿದ್ದರೆ ದಯವಿಟ್ಟು ಹೆಸರು ಹೇಳಿ, ನಾಳೆಯೇ ತರಿಸುತ್ತೇನೆ.

ಅಲ್ಲಿಯವರೆಗೆ, ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ‘ಇಂಡಿಕಾ’ ತೆಗೆದುಕೊಳ್ಳಿ, ಅಸಲಿ ಪ್ರತಿ. ಎರಡಕ್ಕೆ ಇದ್ದರೆ ಎಡ್ ಯಾಂಗ್ ಸೇರಿಸಿ. ನಮ್ಮ ಅಂಗಡಿಗಳಲ್ಲಿ ಇವು ಕಪಾಟಿನಲ್ಲಿ ಕಾಣುವುದು ಅಪರೂಪ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ ಜಾಗ ಹಿಡಿದಿರುತ್ತವೆ, ಆದರೆ ಹೆಸರು ಬರೆದುಕೊಟ್ಟು ಮುಂಗಡ ಕೊಟ್ಟರೆ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ತರಿಸಿಕೊಡುವ ಅಂಗಡಿಯವರು ಸಿಗುತ್ತಾರೆ. ಕೇಳಿ ನೋಡಿ.